ಮಧ್ಯಾಹ್ನದ ಹುಲಿಯನ್ನು ಎಬ್ಬಿಸುವವರು

ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ, ಅದೂ ಮಧ್ಯಾಹ್ನದ ಊಟ ಮುಗಿಸಿ ಪ್ರಾಣಿಗಳನ್ನು ನೋಡಲು ಹೊರಡುವ ನಮ್ಮ ಜನರ ಉತ್ಸಾಹಕ್ಕೆ ಸಾಟಿಯಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಂಗಾಪುರದಲ್ಲಿ ನೆಲೆಸಿದ ಮೇಲೂ, ಊರಿಗೆ ಬಂದಾಗ ಅಕ್ಕನ ಮಕ್ಕಳನ್ನು ವಾಮಂಜೂರಿನ ಪಿಲಿಕುಳದ ಮೃಗಾಲಯಕ್ಕೆ ಕರೆದೊಯ್ಯುವ ರೂಢಿಯನ್ನು ಉಳಿಸಿಕೊಂಡಿದ್ದೇನೆ. ಅಲ್ಲಿ ಪ್ರಾಣಿಗಳಷ್ಟೇ ಕುತೂಹಲದಿಂದ ನಾನು ಗಮನಿಸುವುದು ಅವುಗಳನ್ನು ನೋಡಲು ಬಂದವರನ್ನು.

ಆ ಹೊತ್ತಿನಲ್ಲಿ ಹುಲಿ ನೆರಳು ಹುಡುಕಿ ಮಲಗಿರುತ್ತದೆ. ನವರಾತ್ರಿಯಲ್ಲಿ ತಾಸೆ ಎಂಬ ಚರ್ಮವಾದ್ಯದ ಬಡಿತಕ್ಕೆ ಪಲ್ಟಿ ಹೊಡೆಯುವ ಹುಲಿವೇಷವನ್ನು ನೋಡುತ್ತಲೇ ಬೆಳೆದ ನಮಗೆ, ಕುಣಿಯದ ಹುಲಿಯನ್ನು ಒಪ್ಪಿಕೊಳ್ಳುವುದು ಕಷ್ಟ. "ಏಳು ಮಾರಾಯ, ನಾವು ಕಾರ್ಕಳದಿಂದ ಬಂದದ್ದು" ಎಂದು ಒಬ್ಬರು ಅದನ್ನು ವಿನಂತಿಸಿಕೊಂಡರೆ, "ಅದಕ್ಕೆ ಜೀವ ಉಂಟಾ ಮಾರಾಯ್ರೆ?" ಎಂದು ಇನ್ನೊಬ್ಬರು ಪಕ್ಕದವರನ್ನು ವಿಚಾರಿಸಿದರು. ಕಾಲೇಜು ಹುಡುಗನೊಬ್ಬ ಕಟಕಟೆಯ ಸರಳಿನ ಮೇಲೆ ತಾಸೆಯ ಪೆಟ್ಟನ್ನೇ ಬಾರಿಸಿದ; ಸುತ್ತಲಿದ್ದ ಮಕ್ಕಳೆಲ್ಲ ಕುಣಿದರು, ಹುಲಿ ಒಂದು ಕಿವಿಯನ್ನಷ್ಟೇ ಅಲುಗಿಸಿತು. ಅಜ್ಜಿಯೊಬ್ಬರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ, "ಪಾಪ, ನಮಗೇ ಇಷ್ಟು ಸೆಕೆ, ಅದಕ್ಕೆ ಮೈತುಂಬ ಕೂದಲು ಬೇರೆ" ಎಂದರು. ಅಲ್ಲಿ ಕೇಳಿದ ಮಾತುಗಳಲ್ಲೆಲ್ಲ ಅತ್ಯಂತ ಸರಿಯಾದದ್ದು ಅದೇ.

ಹುಲಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ಬಾಯಿಯ ತೇವ ಆರುವುದರಿಂದ ಅದು ತಂಪಾಗಬೇಕು. ಕರಾವಳಿಯ ಗಾಳಿಯಲ್ಲಿ ನಮ್ಮ ಬಟ್ಟೆಯ ಬೆವರೇ ಆರದಿರುವಾಗ ಅದರ ಪಾಡು ಊಹಿಸಬಹುದು. ಆದ್ದರಿಂದಲೇ ಅದು ಅಲುಗಾಡದೆ ಮಲಗಿ ಮೈಯ ಬಿಸಿ ಏರದಂತೆ ನೋಡಿಕೊಳ್ಳುತ್ತದೆ. ಬಾಯಿ ತೆರೆದುಕೊಂಡು ಬಿಸಿಲಿಗೆ ಬಿದ್ದಿರುವ ಮೊಸಳೆ ಕೂಡ ಹೆಚ್ಚಿನ ಸಲ ತಲೆಯ ಬಿಸಿಯನ್ನು ಹೊರಹಾಕುತ್ತಿರುತ್ತದೆ. ಅದಕ್ಕೆ ಹಸಿವಾಗಿದೆ ಎಂದು ಮರುಗಿ ಚರುಮುರಿಯ ಪೊಟ್ಟಣವನ್ನೇ ಎಸೆಯಲು ಹೊರಟವರನ್ನು ನಾನು ತಡೆದಿದ್ದೇನೆ. ಅವರ ಮರುಕ ನಿಜವಾದದ್ದೇ ಆಗಿತ್ತು, ಆದರೆ ಆ ಪೊಟ್ಟಣ ಮೊಸಳೆಯ ಹೊಟ್ಟೆ ಸೇರಿದ್ದರೆ ಅದರ ಜೀವಕ್ಕೇ ಕುತ್ತು.

ಸಿಂಗಾಪುರವೂ ತಂಪಿನ ಊರಲ್ಲ. ವರ್ಷವಿಡೀ ಹಗಲಿನ ಬಿಸಿ 31–32 ಡಿಗ್ರಿಯಷ್ಟು ಇರುತ್ತದೆ. ಅಲ್ಲಿಯ ಮಕ್ಕಳೂ ಗಾಜು ತಟ್ಟುತ್ತಾರೆ, ದೊಡ್ಡವರೂ ಪ್ರಾಣಿ ಎದ್ದೇಳಲೆಂದು ಕಾಯುತ್ತಾರೆ. ಆದರೆ 1973ರಲ್ಲಿ ತೆರೆದ ಅಲ್ಲಿಯ ಮೃಗಾಲಯದಲ್ಲಿ ಪ್ರಾಣಿಗಳಿಗೆ ಆಹಾರ ಕೊಡುವ ಹೊತ್ತನ್ನು ಮೊದಲೇ ತಿಳಿಸುತ್ತಾರೆ, ಪಾಲಕರು ಎದುರಿಗೆ ನಿಂತು ವಿವರಿಸುತ್ತಾರೆ. ನಿಶಾಚರ ಪ್ರಾಣಿಗಳನ್ನು ಅವು ಎಚ್ಚರವಿರುವಾಗಲೇ ತೋರಿಸಲೆಂದು 1994ರಲ್ಲಿ ರಾತ್ರಿ ಸಫಾರಿಯನ್ನೂ ಆರಂಭಿಸಿದರು. ನೋಡುವವರು ಪ್ರಾಣಿಯ ದಿನಚರಿಗೆ ಹೊಂದಿಕೊಳ್ಳಬೇಕೆಂಬುದು ಅಲ್ಲಿ ರೂಢಿಯಾಗಿದೆ. ಇದನ್ನು ನಾವು ಕಲಿಯಲೇಬೇಕು.

ಹಾಗೆಂದು ಅಲ್ಲಿಯದೆಲ್ಲ ನನಗೆ ಹಿಡಿಸಿಲ್ಲ. ಅಲ್ಲಿ ಪ್ರತಿ ಕುಟುಂಬವೂ ಮೊಬೈಲಿನ ನಕ್ಷೆ ಹಿಡಿದು ತನ್ನಷ್ಟಕ್ಕೆ ಸಾಗುತ್ತದೆ. ಪಿಲಿಕುಳದಲ್ಲಿ ಅಪರಿಚಿತರೊಬ್ಬರು ನನ್ನ ಅಕ್ಕನ ಮಕ್ಕಳಿಗೆ ತಮ್ಮ ಡಬ್ಬದ ಕಲ್ಲಂಗಡಿ ಹೋಳುಗಳನ್ನು ಕೊಟ್ಟು, ಯಾವ ಊರು, ಯಾರ ಮನೆ ಎಂದು ವಿಚಾರಿಸಿಕೊಂಡರು. ಈ ಸಲುಗೆಯನ್ನು ಯಾವ ಶಿಸ್ತಿಗಾಗಿಯೂ ನಾನು ಬಿಟ್ಟುಕೊಡಲಾರೆ.

ಮೃಗಾಲಯದ ಪ್ರಾಣಿಗಳನ್ನು ಕೆಣಕುವುದನ್ನೂ ಅವುಗಳಿಗೆ ತಿನ್ನಲು ಕೊಡುವುದನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸಿದೆ. ಆದರೆ ಕಾಯ್ದೆಗಿಂತ ಬೇಗ ನಾಟುವುದು ಆ ಸಲುಗೆಯಲ್ಲೇ ಹೇಳಿದ ಮಾತು. ತಾಸೆ ಬಾರಿಸಿದ ಹುಡುಗನಿಗೆ ಹುಲಿಯ ಏದುಸಿರಿನ ಕಾರಣವನ್ನು ತಿಳಿಸಿದಾಗ, "ಹೌದಾ ಅಣ್ಣ? ಗೊತ್ತೇ ಇರಲಿಲ್ಲ" ಎಂದು ಕೈ ಹಿಂದೆಗೆದವನು, ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಬಂದ ತಂಡಕ್ಕೆ ತಾನೇ ಅದನ್ನು ವಿವರಿಸುತ್ತಿದ್ದ. ನಮ್ಮಲ್ಲಿ ಪ್ರಾಣಿಶಾಸ್ತ್ರ ಓದುವ ವಿದ್ಯಾರ್ಥಿಗಳಿಗೂ ನಿವೃತ್ತ ಮೇಷ್ಟ್ರುಗಳಿಗೂ ಕೊರತೆಯಿಲ್ಲ. ಬೇಸಿಗೆ ರಜೆಯ ತಿಂಗಳುಗಳಲ್ಲಿ ಹುಲಿ ಮತ್ತು ಮೊಸಳೆಯ ಆವರಣಗಳ ಮುಂದೆ ಇಂಥವರು ಸರದಿಯಂತೆ ನಿಂತು, ಬಂದವರೊಡನೆ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡುವ ಏರ್ಪಾಟು ಆಗಲಿ. ಊರಿಗೆ ಬಂದಾಗ ಒಂದು ಸರದಿ ನಿಲ್ಲಲು ನಾನೂ ಸಿದ್ಧನಿದ್ದೇನೆ.