ಬಣ್ಣದ ಗುಂಡು, ಬಿಳಿ ಬೋರ್ಡು

ಆ ರೀಲ್ ನೀವೂ ನೋಡಿರುತ್ತೀರಿ. ನೋಡದಿದ್ದರೂ ಫ್ಯಾಮಿಲಿ ಗ್ರೂಪಿನಲ್ಲಿ ಯಾರೋ ಚಿಕ್ಕಪ್ಪ ಹಾಕಿಯೇ ಹಾಕಿರುತ್ತಾರೆ. ಕಾಫಿ ತೋಟದ ನಡುವೆ ಕೆಸರು ದಾರಿ. ಟಾಪ್ ಬಿಚ್ಚಿದ ಎರಡು ಜೀಪು. ಹಿಂದೆ ನಿಂತವರ ಕೈಯಲ್ಲಿ ಪೇಂಟ್‌ಬಾಲ್ ಗನ್ನು, ಅಂದರೆ ಬಣ್ಣ ತುಂಬಿದ ಗುಂಡು ಹಾರಿಸುವ ಆಟದ ಗನ್ನು. ಈ ಜೀಪಿನವರು ಆ ಜೀಪಿನವರಿಗೆ ಹೊಡೆಯುತ್ತಾರೆ, ಅವರು ಇವರಿಗೆ. ಜೊತೆಗೆ ಕಿವಿ ಹರಿಯುವ ಮ್ಯೂಸಿಕ್ಕು. ಕೊನೆಗೆ ‘ರಿಯಲ್ ಕೂರ್ಗ್ ಎಕ್ಸ್‌ಪೀರಿಯೆನ್ಸ್, ವೀಕೆಂಡ್ ಆಫರ್’ ಅಂತ ಒಂದು ಸಾಲು.

ಭೇಷ್. ಕೊಡಗಿಗೆ ಇದೊಂದು ಕಮ್ಮಿಯಾಗಿತ್ತು. ಗಾಜಿನ ಸೇತುವೆ ಬಂತು, ಜಿಪ್‌ಲೈನ್ ಬಂತು, ಮಾಂದಲಪಟ್ಟಿಗೆ ಸೊಂಟ ಮುರಿಯುವ ಜೀಪು ಸವಾರಿ ಬಂತು. ಶನಿವಾರ ಅಬ್ಬಿ ಫಾಲ್ಸ್ ರಸ್ತೆಯಲ್ಲಿ ಕಾರೊಳಗೇ ಕೂತು ಬೆಂಗಳೂರನ್ನು ನೆನೆಸಿಕೊಳ್ಳುವ ಸೌಲಭ್ಯವೂ ಬಂತು. ಓಡುವ ಗಾಡಿಯಿಂದ ಭಾವಮೈದುನನ ಮುಖಕ್ಕೆ ಗುಂಡು ಹೊಡೆಯುವುದು ಮಾತ್ರ ಬಾಕಿ ಇತ್ತು. ಈಗ ಅದೂ ಆಯಿತು.

ಈ ಊರಿಗೆ ಕೋವಿ ಹೊಸದಲ್ಲ, ಗೊತ್ತಲ್ವಾ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನು ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿ ಒರೆಸಿ, ನಳಿಗೆಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುತ್ತಾರೆ, ಅದೂ ಆಕಾಶಕ್ಕೆ. ಇಷ್ಟೆಲ್ಲ ಕೋವಿ ಇರುವ ಮನೆಗಳಲ್ಲಿ ಮಕ್ಕಳಿಗೆ ಮೊದಲು ಹೇಳುವುದು ಒಂದೇ ಮಾತು: ಖಾಲಿ ಇದ್ದರೂ ನಳಿಗೆ ಮನುಷ್ಯರ ಕಡೆ ತಿರುಗಿಸಬೇಡ. ತಿರುಗಿಸಿದರೆ ಅಜ್ಜನ ಕೈಯಿಂದ ಏಟು. ಈಗ ಅದೇ ಕೆಲಸಕ್ಕೆ ತಲೆಗೆ ಇಷ್ಟು ಅಂತ ರೇಟು. ಅಜ್ಜ ಎಂಥಾ ಬಿಸಿನೆಸ್ ಕೈಬಿಟ್ಟರು ನೋಡಿ.

‘ಅಯ್ಯೋ, ಬರೀ ಬಣ್ಣ ಅಲ್ವಾ ಅಣ್ಣ’ ಅನ್ನುತ್ತಾರೆ. ಹೌದು, ಬಣ್ಣವೇ. 17 ಮಿಲಿಮೀಟರ್ ದಪ್ಪ, 3 ಗ್ರಾಂ ಆಸುಪಾಸು ತೂಕ. ಸೆಕೆಂಡಿಗೆ 300 ಅಡಿ ಅದರ ವೇಗದ ಮಾಮೂಲಿ ಮಿತಿ. ಅಂದರೆ ಗಂಟೆಗೆ 330 ಕಿಲೋಮೀಟರ್ ಹತ್ತಿರ. ಮೈಗೆ ಬಿದ್ದರೆ ಬಾಸುಂಡೆ. ಬರಿಗಣ್ಣಿಗೆ ಬಿದ್ದರೆ ರೆಟಿನಾ ಕಿತ್ತು ಬರಬಹುದು, ಕಣ್ಣುಗುಡ್ಡೆಯೇ ಒಡೆಯಬಹುದು. ಅದಕ್ಕೇ ನೆಲದ ಮೇಲೆ ಆಡುವ ಪೇಂಟ್‌ಬಾಲ್‌ಗೆ ಕಟ್ಟುನಿಟ್ಟು ಜಾಸ್ತಿ. ಆಟಕ್ಕೆ ಮುಂಚೆ ಗನ್ನಿನ ವೇಗ ಅಳೆಯಬೇಕು. ಮೈದಾನದೊಳಗೆ ಏನೇ ಆದರೂ ಮಾಸ್ಕ್ ತೆಗೆಯಬಾರದು. ಆಟ ನಿಂತ ಕೂಡಲೇ ನಳಿಗೆಗೆ ಕವರ್ ಹಾಕಬೇಕು.

ಈಗ ಆ ಮಾಸ್ಕನ್ನು ಕೊಡಗಿನ ಥಂಡಿಯಲ್ಲಿ ಹಾಕಿಕೊಂಡು ಸ್ವಲ್ಪ ಹೊತ್ತು ಏದುಸಿರು ಬಿಡಿ. ಒಳಗೆ ಆವಿ ಕಟ್ಟುತ್ತದೆ, ಹೊರಗೆ ಹೇಗೂ ಮಂಜು. ಒರೆಸಿಕೊಳ್ಳಲು ಮಾಸ್ಕ್ ಎತ್ತುತ್ತೀರಿ. ಕಣ್ಣು ಹೋಗುವುದು ಹೆಚ್ಚಾಗಿ ಇಂಥ ಗಳಿಗೆಯಲ್ಲೇ. ಎತ್ತದೆ ಕೂತಿರಿ ಅಂದುಕೊಳ್ಳೋಣ. ಎದುರಿನವನ ಗುಂಡು ಡ್ರೈವರ್ ಮಾಸ್ಕಿಗೇ ಪಚಕ್ಕನೆ ಬಿತ್ತು. ಮಾಸ್ಕಿಗೆ ವೈಪರ್ ಇಲ್ಲ. ಜೀಪಿಗೆ ಬ್ರೇಕ್ ಇದೆ, ಆದರೆ ಇಳಿಜಾರಿನ ಕೆಸರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಹೋಗಲಿ, ಹೆಲ್ಮೆಟ್ ಹಾಕೋಣ ಅಂದರೆ ಅದರ ಗ್ಲಾಸು ಈ ಗುಂಡಿಗೆಂದು ಮಾಡಿದ್ದಲ್ಲ. ಮಾಸ್ಕ್ ಹಾಕಿದರೆ ಕಣ್ಣು ಉಳಿಯುತ್ತದೆ, ಜೀಪು ಮಗುಚಿದರೆ ತಲೆ ದೇವರಿಗೆ ಬಿಟ್ಟದ್ದು. ಬುಕಿಂಗ್ ಮಾಡುವಾಗಲೇ ಕಣ್ಣು ಬೇಕಾ ತಲೆ ಬೇಕಾ ಅಂತ ಕೇಳಿಬಿಟ್ಟರೆ ಗಿರಾಕಿಗೂ ಅನುಕೂಲ.

ಜೀಪು ಹಳೇದಾಯಿತು ಅನ್ನುವವರಿಗೆ ಎಟಿವಿ ಇದೆಯಂತೆ. ನಾಲ್ಕು ಚಕ್ರದ ಆ ಗಾಡಿಯ ಎಕ್ಸಿಲರೇಟರ್ ಇರುವುದು ಬಲಗೈ ಹೆಬ್ಬೆರಳಿನ ಕೆಳಗೆ. ಬ್ರೇಕಿಗೆ ಬೆರಳು ಬೇಕು. ತಿರುವಿನಲ್ಲಿ ಮೈ ವಾಲಿಸದಿದ್ದರೆ ಅದು ನಮ್ಮನ್ನು ವಾಲಿಸುತ್ತದೆ. ಅಂದರೆ ಎರಡು ಕೈಯೂ ಬುಕ್ ಆದವು. ಗನ್ನಿಗೆ ಮೇಲೆ ಗುಂಡಿನ ಡಬ್ಬ, ಹಿಂದೆ ಗ್ಯಾಸ್ ಸಿಲಿಂಡರ್, ಅದನ್ನು ಹಿಡಿಯಲು ಇನ್ನೆರಡು ಕೈ. ಚತುರ್ಭುಜ ಇರುವವರು ಮಾತ್ರ ಸಂಪರ್ಕಿಸಿ ಅಂತ ಬೋರ್ಡ್ ಹಾಕಬೇಕಿತ್ತು. ಮಡಿಕೇರಿ ದಸರಾದ ದಶಮಂಟಪದ ದೇವರುಗಳಿಗೆ ಇದು ಹೇಳಿ ಮಾಡಿಸಿದ ಆಟ.

ಗುಂಡಿನ ವಿಷಯ ಮರೆತೆ. ಅದರ ಸಿಪ್ಪೆ ಜೆಲಟಿನ್ನು. ತೇವ ಹೀರಿದರೆ ಉಬ್ಬುತ್ತದೆ, ಸೊಟ್ಟಗಾಗುತ್ತದೆ, ನಳಿಗೆಯೊಳಗೇ ಒಡೆಯುತ್ತದೆ, ಇಲ್ಲವೇ ಎಲ್ಲಿಗೋ ಇಟ್ಟ ಗುರಿ ಎಲ್ಲಿಗೋ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಟವೆಲ್ಲನ್ನೇ ಕಾಣದ ಜಿಲ್ಲೆಗೆ ಬಹಳ ಯೋಚಿಸಿ ತರಿಸಿದ ಸರಕು. ಒಡೆಯದೆ ಉಳಿದವು ಕಾಫಿ ಗಿಡದ ಬುಡದಲ್ಲಿ ಬಿದ್ದಿರುತ್ತವೆ. ಒಳಗಿರುವುದು ಪಾಲಿಎಥಿಲೀನ್ ಗ್ಲೈಕಾಲ್, ಗ್ಲಿಸರಿನ್ ಥರದ್ದು. ಆಡುವವರ ಬಟ್ಟೆಗೆ ಅದರಿಂದ ಏನೂ ಆಗುವುದಿಲ್ಲ, ತೊಳೆದರೆ ಹೋಗುತ್ತದೆ. ಆದರೆ ನಾಯಿಗಳು ಸಿಕ್ಕಿದ್ದನ್ನು ಚಪ್ಪರಿಸಿ ತಿನ್ನುತ್ತವೆ. ಜಾಸ್ತಿ ತಿಂದರೆ ವಾಂತಿ, ತೂರಾಟ, ಫಿಟ್ಸ್. ಭಾನುವಾರ ಸಂಜೆ ಗಿರಾಕಿಗಳು ಕುಶಾಲನಗರ ದಾಟಿರುತ್ತಾರೆ. ತೋಟದ ಕೂಲಿಯವರ ಲೈನ್‌ಮನೆಯ ನಾಯಿ ಇಲ್ಲೇ ಇರುತ್ತದೆ. ಮುಚ್ಚಳಿಕೆಗೆ ಅದರ ಪಂಜವನ್ನೂ ಒತ್ತಿಸಿಕೊಂಡಿದ್ದಾರೋ ವಿಚಾರಿಸಬೇಕು.

ಹಾಂ, ಮುಚ್ಚಳಿಕೆ. ಎಲ್ಲದಕ್ಕೂ ಅವರ ಹತ್ತಿರ ಅದೊಂದು ಕಾಗದ ಇದೆ. ‘ಏನಾದರೂ ಆದರೆ ನಾನೇ ಜವಾಬ್ದಾರ’ ಅಂತ ಬರೆದು ಸಹಿ ಹಾಕಿದರೆ ಮುಗಿಯಿತಂತೆ. ಆಟದಲ್ಲಿ ಒಪ್ಪಿಗೆಯಿಂದ ಆಗುವ ಪೆಟ್ಟಿನ ಬಗ್ಗೆ ಕಾನೂನು ಯೋಚಿಸಿಲ್ಲ ಅಂತಲ್ಲ. 1860ರ ದಂಡಸಂಹಿತೆಯಲ್ಲೇ, ಇಬ್ಬರು ಮೋಜಿಗೆ ಕತ್ತಿವರಸೆ ಆಡಿದ ಉದಾಹರಣೆ ಕೊಟ್ಟು, ಅಂಥ ಪೆಟ್ಟು ಅಪರಾಧವಲ್ಲ ಅಂತ ಬರೆದಿದ್ದರು. ಈಗಿನ ಭಾರತೀಯ ನ್ಯಾಯ ಸಂಹಿತೆಯ 25ನೇ ಕಲಂ ಅದೇ. ಆದರೆ ಆಡುವವನಿಗೆ 18 ದಾಟಿರಬೇಕು. ಸಾವು ಅಥವಾ ಘೋರ ಗಾಯ ಆಗುವ ಸಂಭವ ಗೊತ್ತಿದ್ದೂ ಆಡಿಸಿದರೆ ಆ ರಕ್ಷಣೆ ಇಲ್ಲ. ಘೋರ ಗಾಯ ಅಂದರೆ ಏನು ಅಂತ 116ನೇ ಕಲಂ ಪಟ್ಟಿಯನ್ನೇ ಕೊಟ್ಟಿದೆ: ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಗುವುದು, ಮೂಳೆಯೋ ಹಲ್ಲೋ ಮುರಿಯುವುದು, ಇಲ್ಲವೇ ಜಾಗ ತಪ್ಪುವುದು. ಪ್ಯಾಕೇಜಿನಲ್ಲಿ ಏನೇನಿದೆ ಅಂತ ಕೇಳಿದರೆ ಇದನ್ನೇ ಓದಿ ಹೇಳಬಹುದು.

‘ಇದು ಪ್ರೈವೇಟ್ ತೋಟ ಸಾರ್, ರಸ್ತೆ ಅಲ್ಲ’ ಅನ್ನುವುದು ಇನ್ನೊಂದು ವಾದ. ಸರಿ ಸ್ವಾಮಿ. ಅಜಾಗರೂಕ ಚಾಲನೆಯ 281ನೇ ಕಲಂಗೆ ಸಾರ್ವಜನಿಕ ದಾರಿ ಬೇಕು. ಬೇರೆಯವರ ಜೀವ ಅಪಾಯಕ್ಕೆ ಒಡ್ಡುವ 125ಕ್ಕೆ, ನಿರ್ಲಕ್ಷ್ಯದ ಸಾವಿನ 106ಕ್ಕೆ ದಾರಿಯೇ ಬೇಡ, ತೋಟ ಸಾಕು. ಇನ್ನು ಆ ಜೀಪುಗಳ ನಂಬರ್ ಪ್ಲೇಟ್ ನೋಡಿದ್ದೀರಾ? ಬಿಳಿ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಬೋರ್ಡು ಬೇಕು, ಪರ್ಮಿಟ್ ಬೇಕು. ಸ್ವಂತ ಬಳಕೆಯ ಗಾಡಿಯ ವಿಮಾ ಪಾಲಿಸಿಯಲ್ಲಿ ಬಾಡಿಗೆಗೆ, ರೇಸಿಗೆ ಬಳಸಿದರೆ ಇದು ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಅಂದರೆ ಈ ಜೀಪು ಮಗುಚಿದ ದಿನ ಇನ್ಶೂರೆನ್ಸ್ ಕಂಪನಿ ಕೈತೊಳೆದುಕೊಳ್ಳಲು ನೋಡುತ್ತದೆ. ಅಭಯಾರಣ್ಯದ ಗಡಿ ದಾಟಿದರೆ ಕಥೆ ಬೇರೆಯೇ. ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಆಯುಧ. ಲಿಖಿತ ಅನುಮತಿ ಇಲ್ಲದೆ ಅದನ್ನು ಒಳಗೆ ಒಯ್ಯುವಂತಿಲ್ಲ. ಬಣ್ಣ ಬಣ್ಣ ಅಂತ ಅಲ್ಲೂ ಹೇಳಿ ನೋಡಲಿ.

ನಗು ಇಲ್ಲಿಗೆ ಸಾಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಮನೆಗಳ ಮೇಲೆ ಬಂತು. 2020ರಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿಯಿತು. ಅದಾದ ಮೇಲೂ ಇಳಿಜಾರಿಗೆ ಜೆಸಿಬಿ ಇಳಿಸಿ ‘ಟ್ರ್ಯಾಕ್’ ಕೊರೆಯುತ್ತಾರೆ. ಆ ಟ್ರ್ಯಾಕಿನ ಮೇಲೆ ಗಾಡಿ ತಿರುಗಿಸಿ ತಿರುಗಿಸಿ ಮಣ್ಣು ಸಡಿಲ ಮಾಡಲು ದುಡ್ಡು ತಗೊಳ್ಳುತ್ತಾರೆ. ನೋಡಬೇಕಾದ ಇಲಾಖೆಗಳಲ್ಲಿ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಆಟ ಅಂತ ಒಬ್ಬರು, ಗಾಡಿ ಅಂತ ಇನ್ನೊಬ್ಬರು, ತೋಟ ಅಂತ ಮತ್ತೊಬ್ಬರು. ಯಾರಾದರೂ ಸಾಯುವವರೆಗೆ ಇದು ಯಾರ ಫೈಲೂ ಅಲ್ಲ.

ಸತ್ತ ಮೇಲೆ ಫೈಲು ಯಾರದು ಅಂತ ನಮಗೆಲ್ಲ ಗೊತ್ತು. ತೋಟ ಒಬ್ಬರದು, ಲೀಸ್ ಇನ್ನೊಬ್ಬರದು, ಪೇಜ್ ನಡೆಸುವವರು ಬೆಂಗಳೂರಿನಲ್ಲಿ. ಎಫ್‌ಐಆರ್‌ನಲ್ಲಿ ಮೊದಲ ಹೆಸರು ಮಾತ್ರ ಸ್ಟಿಯರಿಂಗ್ ಹಿಡಿದ ಹುಡುಗನದು. ದಿನಕ್ಕಿಷ್ಟು ಅಂತ ಕೂಲಿಗೆ ಬಂದವನು. ಮಾಸ್ಕ್ ಕಮ್ಮಿ ಬಿದ್ದರೆ ಗೆಸ್ಟಿಗೆ ಕೊಟ್ಟು ತಾನು ಕೂಲಿಂಗ್ ಗ್ಲಾಸ್‌ನಲ್ಲಿ ಓಡಿಸಿದವನು. ನಿಧಾನ ಹೋದರೆ ‘ಬ್ರೋ, ಏನ್ ಬ್ರೋ, ಫಾಸ್ಟ್ ಹೋಗಿ’ ಅಂತ ಹಿಂದಿನಿಂದ ಬೈಸಿಕೊಂಡವನು. ಮುಚ್ಚಳಿಕೆಯಲ್ಲಿ ಗೆಸ್ಟ್ ಹೆಸರಿದೆ, ಮಾಲೀಕರ ರಕ್ಷಣೆ ಇದೆ, ಅವನ ಬಗ್ಗೆ ಒಂದು ಸಾಲೂ ಇಲ್ಲ. ಜಾಮೀನಿಗೆ ಯಾರದ್ದಾದರೂ ಆರ್‌ಟಿಸಿ ತಂದು ಕೊಡು ಅನ್ನುತ್ತಾರೆ. ಲೈನ್‌ಮನೆಯಲ್ಲಿ ಹುಟ್ಟಿದವನಿಗೆ ಆರ್‌ಟಿಸಿ ಎಲ್ಲಿಂದ ಬರಬೇಕು? ಮಾಲೀಕರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಪೇಜ್‌ಗೆ ಮೆಸೇಜ್ ಹಾಕಿದರೆ ಮಾತ್ರ ಕೂಡಲೇ ಉತ್ತರ ಬರುತ್ತದೆ: ಹಾಯ್, ಎಷ್ಟು ಜನ ಬರ್ತಿದ್ದೀರಿ?