ಫೈಬ್ರೊಬ್ಲಾಸ್ಟ್: ಅಳಿಸಬೇಕೆ, ಪಳಗಿಸಬೇಕೆ?

ಪ್ರಶ್ನೆ: ಅಂಗಗಳು ನಾರುಗಟ್ಟುವ ಕಾಯಿಲೆಗಳಲ್ಲಿ, ಗಡಸು ಗಡ್ಡೆಗಳಲ್ಲಿ, ಕೆರಳಿದ ಫೈಬ್ರೊಬ್ಲಾಸ್ಟ್ ಕೋಶಗಳನ್ನು (ಅಂಗಾಂಶಗಳ ನಾರಿನ ಜಾಲ ನೇಯುವ ಕೋಶಗಳನ್ನು) ಕೊಲ್ಲುವುದೇ ಚಿಕಿತ್ಸೆಯ ಗುರಿಯಾಗಬೇಕೆ?

ಪರ: ಕಟ್ಟುವವನನ್ನು ತಡೆಯದೆ ಗೋಡೆ ನಿಲ್ಲದು

ಕಾರಣ ತಿಳಿಯದೆ ಶ್ವಾಸಕೋಶ ನಾರುಗಟ್ಟುವ ಕಾಯಿಲೆಗೆ ವೈದ್ಯರು ಬಹುಕಾಲ ಉರಿಯೂತ ತಗ್ಗಿಸುವ ಔಷಧವನ್ನೇ ಕೊಟ್ಟರು. ಪ್ರೆಡ್ನಿಸೋನ್, ಅಜಥಯೋಪ್ರಿನ್, ಅಸಿಟೈಲ್‌ಸಿಸ್ಟೀನ್ ಮೂರನ್ನೂ ಕೂಡಿಸಿ ಕೊಟ್ಟ ಪ್ರಯೋಗದ ಫಲಿತಾಂಶ 2012ರಲ್ಲಿ ಹೊರಬಂತು. ಸಾವೂ ಆಸ್ಪತ್ರೆ ಸೇರುವುದೂ ಹೆಚ್ಚಿದ್ದದ್ದು ಔಷಧ ಪಡೆದವರಲ್ಲೇ. ಗುರಿಯೇ ತಪ್ಪಿತ್ತು.

ಗುರಿ ಇರಬೇಕಾದದ್ದು ಎಲ್ಲಿ? ಮಾಮೂಲಿ ಗಾಯದಲ್ಲಿ ಫೈಬ್ರೊಬ್ಲಾಸ್ಟ್ ಕೆಲವೇ ದಿನಗಳಲ್ಲಿ ಬಂದು, ಮೊದಲು ಕೊಲಾಜೆನ್ ಎಂಬ ನಾರು ಪ್ರೋಟೀನಿನ ಮೂರನೇ ಬಗೆಯನ್ನು ಹೆಣೆದು, ಆಮೇಲೆ ಅದನ್ನು ಗಟ್ಟಿಯಾದ ಒಂದನೇ ಬಗೆಯದಕ್ಕೆ ಬದಲಿಸುತ್ತದೆ. ಈ ನಡುವೆ ಕೆಲವು ಕೋಶಗಳು ಸ್ನಾಯುಕೋಶದಂತೆ ಆಲ್ಫಾ ಆಕ್ಟಿನ್ ಎಳೆಗಳನ್ನು ಬೆಳೆಸಿಕೊಂಡು ಗಾಯದ ಅಂಚುಗಳನ್ನು ಒಳಕ್ಕೆ ಜಗ್ಗುತ್ತವೆ. ಇವೇ ಮೈಯೋಫೈಬ್ರೊಬ್ಲಾಸ್ಟ್‌ಗಳು. ಕೆಲಸ ಮುಗಿದೊಡನೆ ಅವು ಸಾಯಬೇಕು. ನಾರುರೋಗದಲ್ಲಿ ಸಾಯುವುದಿಲ್ಲ.

ಯಾಕೆಂದರೆ ಅವು ತಮ್ಮ ಕೆಲಸಕ್ಕೆ ತಾವೇ ಆಜ್ಞೆ ಹೊರಡಿಸಿಕೊಳ್ಳುತ್ತವೆ. ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನು ಸುತ್ತಲಿನ ಜಾಲದಲ್ಲಿ ಬೀಗ ಹಾಕಿದಂತೆ ಕೂತಿರುತ್ತದೆ. ಕೋಶ ಜಾಲವನ್ನು ಜಗ್ಗಿದರೆ ಬೀಗ ತೆರೆಯುತ್ತದೆ, ಆದರೆ ಜಾಲ ಗಡುಸಾಗಿದ್ದರೆ ಮಾತ್ರ. ಆರೋಗ್ಯವಂತ ಶ್ವಾಸಕೋಶದ ಗಡಸುತನ ಸುಮಾರು 2 ಕಿಲೋಪ್ಯಾಸ್ಕಲ್, ನಾರುಗಟ್ಟಿದ್ದರದು ಸರಾಸರಿ 16ರ ಆಸುಪಾಸು. ಗಡಸಾದಷ್ಟೂ ಸಂಕೇತ, ಸಂಕೇತ ಹೆಚ್ಚಿದಷ್ಟೂ ಕೊಲಾಜೆನ್. ಈ ಸುಳಿ ತಾನಾಗಿ ನಿಲ್ಲುವಂಥದ್ದಲ್ಲ.

ಈಗಿನ ಔಷಧಗಳು ಈ ಕೋಶಗಳನ್ನು ಮಣಿಸುತ್ತವೆ, ಅಷ್ಟೆ. 2014ರಲ್ಲಿ ಅಮೆರಿಕದಲ್ಲಿ ಪಿರ್ಫೆನಿಡೋನ್, ನಿಂಟೆಡನಿಬ್ ಎರಡಕ್ಕೂ ಒಪ್ಪಿಗೆ ಸಿಕ್ಕಿತು. ನಿಂಟೆಡನಿಬ್ 150 ಮಿ.ಗ್ರಾಂ. ದಿನಕ್ಕೆರಡು ಬಾರಿ ತೆಗೆದುಕೊಂಡವರಿಗೆ ಒಂದು ವರ್ಷದಲ್ಲಿ ಬಲವಾಗಿ ಊದಿ ಹೊರಬಿಡುವ ಗಾಳಿಯ ಪ್ರಮಾಣ ಸುಮಾರು 115 ಮಿ.ಲೀ. ಕುಸಿಯಿತು, ಹುಸಿಮಾತ್ರೆ ಪಡೆದವರಲ್ಲಿ ಎರಡು ಪ್ರಯೋಗಗಳಲ್ಲಿ ಕ್ರಮವಾಗಿ 240 ಮತ್ತು 207. ಲಾಭ ನಿಜ. ಆದರೆ ಕುಸಿತ ನಿಂತಿಲ್ಲ, ಕಳೆದುಹೋದದ್ದು ಮರಳಿಲ್ಲ, ಮಾತ್ರೆ ನುಂಗಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಭೇದಿ.

ಕೊಲ್ಲುವ ದಾರಿ ತೆರೆದೇ ಇದೆ. ಕೆರಳಿದ ಫೈಬ್ರೊಬ್ಲಾಸ್ಟ್‌ನ ಮೈಮೇಲೆ ಎಫ್‌ಎಪಿ ಎಂಬ ಪ್ರೋಟೀನು ಢಾಳಾಗಿ ಕಾಣುತ್ತದೆ. ಆರೋಗ್ಯವಂತ ವಯಸ್ಕರ ಹೆಚ್ಚಿನ ಅಂಗಾಂಶಗಳಲ್ಲಿ ಅದು ತೀರ ಕಡಿಮೆ. 2019ರಲ್ಲಿ ಅದನ್ನೇ ಗುರುತಾಗಿಟ್ಟುಕೊಂಡು ಕೊಲ್ಲುವಂತೆ ಮಾರ್ಪಡಿಸಿದ ಟಿ-ಕೋಶಗಳು (ರೋಗನಿರೋಧಕ ಕೋಶಗಳು) ಇಲಿಯ ಹೃದಯದ ನಾರನ್ನು ಇಳಿಸಿದವು. 2022ರಲ್ಲಿ ಅಂಥ ಟಿ-ಕೋಶಗಳನ್ನು ಎಂಆರ್‌ಎನ್‌ಎ ಚುಚ್ಚಿ ಇಲಿಯ ಮೈಯೊಳಗೇ, ಅದೂ ತಾತ್ಕಾಲಿಕವಾಗಿ, ತಯಾರಿಸಲಾಯಿತು. ಬೇಕಾದಷ್ಟು ದಿನ ಇದ್ದು ಮರೆಯಾಗುವ ಕತ್ತಿಗೆ ಹೆದರುವುದೇಕೆ?

ವಿರೋಧ: ಒಡೆಯುವವನೂ ಅವನೇ

ಹೃದಯದಿಂದಲೇ ಶುರುಮಾಡೋಣ, ಪರವಾದಿ ನಿಲ್ಲಿಸಿದ್ದು ಅಲ್ಲಿಯೇ. ಹೃದಯಾಘಾತದಲ್ಲಿ ಸತ್ತ ಸ್ನಾಯು ಮತ್ತೆ ಹುಟ್ಟದು. ಆ ಜಾಗವನ್ನು ಮೊದಲ ವಾರಗಳಲ್ಲಿ ಹಿಡಿದಿಡುವುದು ಫೈಬ್ರೊಬ್ಲಾಸ್ಟ್ ನೇಯ್ದ ಕೊಲಾಜೆನ್. ಈ ಕೋಶಗಳು ಸ್ರವಿಸುವ ಪೆರಿಯೋಸ್ಟಿನ್ ಎಂಬ ಪ್ರೋಟೀನು ಇಲ್ಲದ ಇಲಿಗಳಲ್ಲಿ ಆಘಾತದ ನಂತರ ಹೃದಯದ ಗೋಡೆ ಹೆಚ್ಚಾಗಿ ಒಡೆದುಹೋಯಿತು. ಸಿಕ್ಕ ಫೈಬ್ರೊಬ್ಲಾಸ್ಟ್ ಅನ್ನೆಲ್ಲ ಕೊಲ್ಲುವ ಟಿ-ಕೋಶ ಐದನೆಯ ದಿನ ಬರುವುದಕ್ಕೂ ಐದನೆಯ ತಿಂಗಳು ಬರುವುದಕ್ಕೂ ಇರುವ ಅಂತರ ಜೀವ-ಮರಣದ್ದು.

ಎಫ್‌ಎಪಿ ಕೆಟ್ಟ ಕೋಶಗಳ ಗುರುತು ಎಂಬುದೂ ಅರ್ಧ ಸತ್ಯ. ಮೂಳೆಮಜ್ಜೆಯ ಮತ್ತು ಸ್ನಾಯುವಿನ ಆಧಾರಕೋಶಗಳಲ್ಲೂ ಅದಿದೆ. 2013ರಲ್ಲಿ ಅಂಥ ಕೋಶಗಳನ್ನು ಅಳಿಸಿದ ಇಲಿಗಳು ಸ್ನಾಯು ಕರಗಿ, ರಕ್ತಹೀನತೆಯಿಂದ ಸೊರಗಿದವು. ಸಾಯಲೊಲ್ಲದ ಮೈಯೋಫೈಬ್ರೊಬ್ಲಾಸ್ಟ್‌ಗೆ ಕೋಶವನ್ನು ಸಾಯದಂತೆ ಕಾಯುವ ಬಿಸಿಎಲ್-ಎಕ್ಸ್‌ಎಲ್ ಪ್ರೋಟೀನನ್ನು ತಡೆಯುವ ನ್ಯಾವಿಟೊಕ್ಲಾಕ್ಸ್ ಔಷಧ ಕೊಡೋಣ ಎನ್ನುವವರೂ ಇದ್ದಾರೆ. ರಕ್ತದ ಪ್ಲೇಟ್‌ಲೆಟ್‌ಗಳು ಬದುಕಿರುವುದೂ ಅದೇ ಪ್ರೋಟೀನಿನ ಮೇಲೆ, ಅವೂ ಕುಸಿಯುತ್ತವೆ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಈ ವಾದಕ್ಕೆ ಇನ್ನೂ ಕಟುವಾದ ಪಾಠ. ಗಡ್ಡೆಯ ಸುತ್ತಣ ಗಡಸು ಕವಚ ಔಷಧವನ್ನು ಒಳಬಿಡುತ್ತಿಲ್ಲ ಎಂದು 2009ರಲ್ಲಿ ಇಲಿಗಳಲ್ಲಿ ಹೆಜ್‌ಹಾಗ್ ಎಂಬ, ಕವಚದ ಕೋಶಗಳನ್ನು ಕೆರಳಿಸುವ ಸಂಕೇತ ತಡೆದು ಕವಚ ತೆಳುವಾಗಿಸಿದರು, ಕ್ಯಾನ್ಸರ್ ಔಷಧ ಜೆಮ್ಸಿಟಾಬಿನ್ ಚೆನ್ನಾಗಿ ಇಳಿಯಿತು. ಅದೇ ತಂತ್ರದ ಸರಿಡೆಗಿಬ್ ಮನುಷ್ಯರ ಮೇಲಿನ ಪ್ರಯೋಗಕ್ಕೆ ಬಂದಾಗ, ಔಷಧ ಪಡೆದವರೇ ಹಿಂದೆ ಬಿದ್ದು 2012ರಲ್ಲಿ ಅದು ನಿಂತಿತು. 2014ರಲ್ಲಿ ಇಲಿಗಳ ಗಡ್ಡೆಯಿಂದ ಮೈಯೋಫೈಬ್ರೊಬ್ಲಾಸ್ಟ್‌ಗಳನ್ನೇ ತೆಗೆದರೆ ಗಡ್ಡೆ ಇನ್ನಷ್ಟು ಉಗ್ರವಾಯಿತು, ಇಲಿಗಳು ಬೇಗ ಸತ್ತವು. ಅವರು ಕಿತ್ತದ್ದು ಬೇಲಿಯನ್ನೂ ಹೌದು. ಗಡ್ಡೆಗೆ ಒತ್ತಿಕೊಂಡು ಕೊಲಾಜೆನ್ ನೇಯುವ ಫೈಬ್ರೊಬ್ಲಾಸ್ಟ್ ಬೇರೆ, ದೂರ ನಿಂತು ಐಎಲ್-6 ಎಂಬ ಉರಿಯೂತದ ಸಂಕೇತ ಸ್ರವಿಸುವುದು ಬೇರೆ. ಎರಡನ್ನೂ ಒಂದೇ ಏಟಿಗೆ ಹೊಡೆಯುವವರಿಗೆ ಯಾವುದು ಬಿತ್ತೆಂದೇ ತಿಳಿಯದು.

ಪರವಾದಿ ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಕೋಶ ಸತ್ತರೆ ನಾರು ಎಲ್ಲಿಗೆ ಹೋಗುತ್ತದೆ? ಎಳೆಗಳ ನಡುವೆ ಅಡ್ಡಕೊಂಡಿ ಬಿದ್ದು ಬೆಸೆದುಕೊಂಡ ಕೊಲಾಜೆನ್ ತಾನಾಗಿ ಕರಗದು. ಅದನ್ನು ಕತ್ತರಿಸುವ ಕಿಣ್ವ ಸ್ರವಿಸುವ, ತುಂಡುಗಳನ್ನು ನುಂಗುವ ಕೋಶಗಳಲ್ಲಿ ಫೈಬ್ರೊಬ್ಲಾಸ್ಟ್ ಕೂಡ ಒಂದು. ಗಾರೆಯವನನ್ನು ಕೊಂದು ಗೋಡೆ ಬೀಳಲಿ ಎಂದು ಕಾದಂತಾಯಿತು.

ಪಳಗಿಸಬಹುದೆಂಬುದಕ್ಕೆ ಯಕೃತ್ತೇ ಸಾಕ್ಷಿ. ಹೆಪಟೈಟಿಸ್ ಸಿ ವಾಸಿಯಾದ ಎಷ್ಟೋ ರೋಗಿಗಳಲ್ಲಿ ನಾರು ನಿಧಾನಕ್ಕೆ ಇಳಿಯುತ್ತದೆ. ಇಲಿಗಳಲ್ಲಿ ಕಂಡಂತೆ, ಹಾನಿ ನಿಂತಾಗ ನಾರು ನೇಯುತ್ತಿದ್ದ ಕೋಶಗಳಲ್ಲಿ ಸುಮಾರು ಅರ್ಧದಷ್ಟು ಸಾಯದೆ, ಮತ್ತೆ ಶಾಂತ ಸ್ಥಿತಿಗೆ ಮರಳುತ್ತವೆ (ಪೂರ್ತಿ ಮರೆಯುವುದಿಲ್ಲ, ಇನ್ನೊಮ್ಮೆ ಪೆಟ್ಟು ಬಿದ್ದರೆ ಬೇಗ ಕೆರಳುತ್ತವೆ). ಕಾರಣ ತೆಗೆಯಲಾಗುವ ಕಡೆ ಮೊದಲು ಅದನ್ನೇ ತೆಗೆಯಬೇಕು.

ಒಂದು ಕಡೆ ಮಾತ್ರ ಒಪ್ಪುತ್ತೇವೆ: ಕೀಲಾಯ್ಡ್‌ನಂಥ (ಗಾಯದ ಕಲೆ ಮಿತಿಮೀರಿ ಬೆಳೆದ ಗಂಟಿನಂಥ) ಕಣ್ಣಿಗೆ ಕಾಣುವ, ಸೂಜಿಗೆ ಸಿಗುವ ಗಂಟುಗಳಲ್ಲಿ. ಅಲ್ಲಿ ಪ್ರತಿ ಮಿ.ಲೀ.ಗೆ 10ರಿಂದ 40 ಮಿ.ಗ್ರಾಂ. ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಅನ್ನು ಗಂಟಿನೊಳಗೇ ಚುಚ್ಚಿದರೆ ಫೈಬ್ರೊಬ್ಲಾಸ್ಟ್‌ಗಳು ಕುಗ್ಗುತ್ತವೆ. ತಪ್ಪಿದರೂ ಹಾನಿ ಆ ಅಂಗೈಯಗಲ ಚರ್ಮಕ್ಕೆ. ಒಳಅಂಗಗಳಲ್ಲಿ ಹಾಗಲ್ಲ. ಎಫ್‌ಎಪಿ ಗುರುತಿಸುವ ಪೆಟ್ ಸ್ಕ್ಯಾನ್ ಈಗ ಇದೆ, ಅದರಲ್ಲಿ ಕೆರಳಿದ ಕೋಶಗಳ ಜಾಗ ಹೊಳೆಯುತ್ತದೆ. ಹೃದಯಾಘಾತವಾದ ಮೇಲಿನ ವಾರಗಳಲ್ಲಿ ಗೋಡೆ ಹಿಡಿದು ನಿಲ್ಲಿಸಿರುವ ಜಾಗವೂ ಅದೇ ರೀತಿ ಹೊಳೆಯುತ್ತದೆ.