ತೊಗರಿ ರೇಟು ಬಾಯಿಪಾಠ, ಪಗಾರದ ರೇಟು ಮಾತ್ರ ಗೊತ್ತೇ ಇಲ್ಲ

ಇವತ್ತು ಬೆಳಗ್ಗೆ ನಮ್ಮ ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಒಂದು ಬೇಳೆ ಮಿಲ್ಲಿಗೆ ಹೋಗಿದ್ದೆ. ಪಗಾರ ಶೀಟು ಮಾಡುವ ದಿನ. ಕೂತ ಕೂಡಲೇ ಮಾಲೀಕರು ಚಹಾ ತರಿಸಿದರು. ಅವರು ತಾವಾಗಿ ಚಹಾ ತರಿಸಿದರೆ ಏನೋ ಕೆಲಸ ಇದೆ ಅಂತಲೇ ಅರ್ಥ. "ತುಟ್ಟಿಭತ್ಯೆ ಏರ್ಯಾದ ಅಂತೀರಲ್ರಿ, ನಮಗ್ಯಾರೂ ಹೇಳೇ ಇಲ್ಲಲ್ಲ?" ಅಂದರು.

ಯಾರು ಹೇಳಬೇಕಿತ್ತು? ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಡಂಗುರ ಹೊಡೆಸಬೇಕಿತ್ತಾ?

ನಾನು ಲೆಕ್ಕ ಬರೆಯೋದು ನಿಮಗೆಲ್ಲ ಗೊತ್ತು. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಬೆಲೆ ಸೂಚ್ಯಂಕ ಏರಿದ ಪ್ರತಿ ಅಂಕಕ್ಕೆ ಇಂತಿಷ್ಟು ಪೈಸೆ ಅಂತ ಲೆಕ್ಕ. ಯುಗಾದಿ ತಾರೀಕಾದರೂ ಹಿಂದೆ ಮುಂದೆ ಆಗುತ್ತದೆ, ಇದು ಆಗೋದಿಲ್ಲ. ಆದರೂ ಪ್ರತಿ ವರ್ಷ ಅದೇ ಮಾತು: "ಸುದ್ದಿನೇ ಬಂದಿಲ್ಲ".

ಇದೇ ಮನುಷ್ಯನಿಗೆ ತೊಗರಿಯ ಬೆಂಬಲ ಬೆಲೆ ಕೇಳಿ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತಾರೆ: ಕ್ವಿಂಟಲ್‌ಗೆ 2023ರಲ್ಲಿ 7,000 ರೂಪಾಯಿ, 2024ರಲ್ಲಿ 7,550, 2025ರಲ್ಲಿ 8,000. ಅವರ ಕುರ್ಚಿಯ ಹಿಂದೆ ಒಂದು ಸ್ಲೇಟು ಇದೆ. ಇವತ್ತಿನ ತೊಗರಿ ರೇಟನ್ನು ನನ್ನ ಕಣ್ಣೆದುರೇ ಎರಡು ಸಲ ಅಳಿಸಿ ಬರೆದರು. ಅದರ ಪಕ್ಕದಲ್ಲೇ ಕನಿಷ್ಠ ವೇತನದ ಬೋರ್ಡು. ಕಾನೂನಿಗೆ ಬೇಕಲ್ಲ, ಅದಕ್ಕೇ ಹಾಕಿದ್ದು. ಅದರ ಮೇಲೆ ಲಕ್ಷ್ಮಿ ಕ್ಯಾಲೆಂಡರ್ ನೇತಾಡುತ್ತಿತ್ತು. ಎತ್ತಿ ನೋಡಿದರೆ ಮೂರು ವರ್ಷದ ಹಿಂದಿನ ದರ! ಊದುಬತ್ತಿ ಹೊಗೆಗೆ ಅಂಕಿಗಳೂ ಮಸಿಯಾಗಿದ್ದವು.

ಮುಂದಿನ ಮಾತು ಕೇಳಿ. "ತುಟ್ಟಿಭತ್ಯೆ ಏರಿಸ್ರಿ, ನಾ ಬ್ಯಾಡ ಅನ್ನಲ್ಲ. ಖರೆ, ಕೈಗೆ ಹ್ವಾದ ತಿಂಗಳದಷ್ಟೇ ಹೋಗ್ಲಿ. ಅಡ್ವಾನ್ಸ್ ಅಂತ ಕಡಿತ ತೋರಿಸ್ರಿ." ಯಾವ ಅಡ್ವಾನ್ಸ್? ಯಾರಿಗೆ ಕೊಟ್ಟದ್ದು?

ಲೆಕ್ಕ ಹಾಕಿ ತೋರಿಸಿದೆ. ದಿನಕ್ಕೆ 20 ರೂಪಾಯಿ ಏರಿತು ಅಂತಲೇ ಇಟ್ಟುಕೊಳ್ಳಿ. 26 ದಿನಕ್ಕೆ 520. ಅದರ ಮೇಲೆ ಮಾಲೀಕರ ಪಾಲಿನ ಪಿಎಫ್ ಶೇ 12 ಅಂದರೆ 62 ರೂಪಾಯಿ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ 3.25 ಅಂದರೆ 17. ಎಲ್ಲ ಸೇರಿ ಆಳಿಗೆ ತಿಂಗಳಿಗೆ 600 ರೂಪಾಯಿ ಸಹ ಆಗೋದಿಲ್ಲ. "ಹತ್ತು ಮಂದಿಗೆ ಆರು ಸಾವಿರ ಆಯ್ತಲ್ರಿ!" ಅಂದರು. ಹೋದ ತಿಂಗಳು ಮಗನ ಹುಟ್ಟುಹಬ್ಬಕ್ಕೆ ಕೇಕಿನ ಬಿಲ್ ಎಷ್ಟಾಗಿತ್ತು ಅಂತ ನನಗೆ ಗೊತ್ತು. ಆ ಬಿಲ್ಲನ್ನೂ ಮಿಲ್ಲಿನ ಖರ್ಚಿಗೆ ಹಾಕಿದವನು ನಾನೇ ಅಲ್ವಾ.

ಮಿಲ್ಲುಗಳು ಕಷ್ಟದಲ್ಲಿವೆ, ಒಪ್ಪುತ್ತೇನೆ. ಬರ್ಮಾ, ಮೊಜಾಂಬಿಕ್ ತೊಗರಿ ಬಂದು ಬೀಳುತ್ತದೆ. ಕರೆಂಟ್ ಬಿಲ್ ಏರಿದೆ. ಆದರೆ ಕರೆಂಟ್ ಬಿಲ್ ಏರಿದಾಗ "ಸುದ್ದಿ ಬಂದಿಲ್ಲ, ಹಳೇ ರೇಟೇ ಕಟ್ತೀನಿ" ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ? ಮೇಲಾಗಿ ಕನಿಷ್ಠ ವೇತನದಲ್ಲಿ ನಮ್ಮೂರಿಗೆ ಬೆಂಗಳೂರಿನ ವಲಯದ ದರವೂ ಇಲ್ಲ, ಅದಕ್ಕಿಂತ ಕಡಿಮೆ. ಬಿಸಿಲು ಮಾತ್ರ ಜಾಸ್ತಿ. ಏಪ್ರಿಲ್, ಮೇನಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೇ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತವೆ. ತಗಡಿನ ಶೆಡ್ಡಿನಲ್ಲಿ ಬೇಳೆ ಹಸನ ಮಾಡುವ ಹೆಂಗಸರಿಗೆ ಆ ಭಾಗ್ಯ ಎಲ್ಲಿದೆ?

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ, ಇಲ್ಲದಿದ್ದರೆ ರಾತ್ರಿ ನಿದ್ದೆ ಬರಲ್ಲ. ಹೋದ ವರ್ಷ ಆ ಅಡ್ವಾನ್ಸ್ ಕಾಲಂ ಹಾಕಿಕೊಟ್ಟವನು ನಾನೇ. ಸಹಿ ಮಾಡುವಾಗ ಒಬ್ಬ ಅಮ್ಮ ಆ ಅಂಕಿಯ ಮೇಲೆ ಬೆರಳಿಟ್ಟು, "ಇದೇನ್ರಿ ಸಾಹೇಬ್ರ?" ಅಂದಳು. "ಅದು ಆಫೀಸಿಂದು, ನೀ ಸಹಿ ಮಾಡವ್ವ" ಅಂದುಬಿಟ್ಟೆ. ಆಕೆಯ ಬೆರಳಿನ ತುಂಬ ಬೇಳೆಯ ಹಳದಿ ಧೂಳು. ಶೀಟಿನ ಮೇಲೆ ಅದರ ಗುರುತು ಉಳಿದಿತ್ತು. ಅದೇ ಶೀಟನ್ನು ನಾನು ಫೈಲಿಗೆ ಹಾಕಿದೆ.

ಇವತ್ತು ಆ ಕಾಲಂ ಹಾಕಲಿಲ್ಲ. "ಹಂಗಾದ್ರ ಬ್ಯಾರೆಯವರ್ನ ನೋಡ್ತೀನಿ" ಅಂದರು. ನೋಡಿಕೊಳ್ಳಲಿ. ಚಹಾ ಅರ್ಧ ಬಿಟ್ಟು ಎದ್ದು ಬಂದೆ. ಅದು ಹೇಗೂ ಚೆನ್ನಾಗಿರಲಿಲ್ಲ ಬಿಡಿ.

ಗಂಜ್‌ನಲ್ಲಿ ಅಂಗಡಿ, ಮಿಲ್ಲು ಇರುವವರು ನನ್ನ ಗೆಳೆಯರ ಪಟ್ಟಿಯಲ್ಲಿ ಬಹಳ ಜನ ಇದ್ದೀರಿ. ಈ ವರ್ಷದ ತುಟ್ಟಿಭತ್ಯೆ ಆದೇಶದ ಪಿಡಿಎಫ್ ನನ್ನ ಹತ್ತಿರ ಇದೆ. ಇವತ್ತು ರಾತ್ರಿ ಒಬ್ಬೊಬ್ಬರಿಗೂ ವಾಟ್ಸಾಪ್ ಮಾಡ್ತೀನಿ. ನೀಲಿ ಟಿಕ್ ಬಿದ್ದದ್ದು ನನಗೂ ಕಾಣುತ್ತದೆ.